ಹಂಚ್ ಅಂದ್ರ ರೊಟ್ಟಿ ಹಂಚಲ್ಲೋ ತಮ್ಮಾ

ಮುಂಜಾನಿಂದ ತಲಿ ಕೆಟ್ಟೈತಿ. ಬರಿಯೋದು ಬ್ಯಾಡ ಅನ್ಕೊಂಡಿದ್ದೆ, ಬರದ್ರ ನೀವೆಲ್ಲ "ಸರ್ ಮತ್ತ ಶುರು ಹಚ್ಕೊಂಡ್ರು" ಅಂತೀರಿ, ಅನ್ರಿ, ಹೊಟ್ಟಿಯಾಗ ಇಟ್ಕೊಂಡು ಕುಂದ್ರಾಕ ನನ್ನ ಕೈಲಿ ಆಗಂಗಿಲ್ಲ.

ಆಗಿದ್ದಿಷ್ಟ. ಅಕ್ಕನ ಮಗಳು ಬ್ಯಾಂಕ್ ಪರೀಕ್ಷಾಕ್ಕ ಓದಾಕತ್ತಾಳ. ಇವತ್ತು ಐತವಾರ, ಗಂಗಾವತಿಗೆ ನಮ್ಮ ಮನಿಗೆ ಬಂದಿದ್ಲು, ಬಗಲಾಗ ಒಂದು ದಪ್ಪನ ಝೆರಾಕ್ಸ್ ನೋಟ್ಸು, ಸ್ಪೈರಲ್ ಬೈಂಡಿಂಗ್, ಮ್ಯಾಲ ಬಣ್ಣದ ಹಾಳಿ. ಯಾವುದೋ ಕೋಚಿಂಗ್‌ನವರು ಕೊಟ್ಟಿದ್ದಂತ, ಹೆಸರು ಹೇಳಂಗಿಲ್ಲ, ಹೇಳಿದ್ರ ನಾಳೆ ಅವರ ಕಡೆಯಿಂದ ಫೋನ್ ಬರ್ತೈತಿ. ಇಂಗ್ಲಿಷ್ ಸಮಾನಾರ್ಥಕ ಪದಗಳ ಪುಟ ತಗದು ತೋರಿಸಿದ್ಲು. ಒಂದು ಸಾಲಿನ್ಯಾಗ ಹಂಚ್, ಇಂಟ್ಯೂಷನ್, ಇಂಕ್ಲಿಂಗ್, ಪ್ರಿಮೊನಿಷನ್, ಫೋರ್‌ಬೋಡಿಂಗ್, ಎಲ್ಲಾಕ್ಕೂ ಸೇರಿಸಿ ಒಂದ ಅರ್ಥ: ಅಂತಃಪ್ರಜ್ಞೆ. ನಾಲ್ಕು ಸಾಲು ಕೆಳಗ ಹಂಚ್, ಸ್ಟೂಪ್, ಬೌ, ಕ್ರೌಚ್, ಸ್ಕ್ವಾಟ್, ಸ್ಲೌಚ್, ಅದಕ್ಕೂ ಒಂದ ಅರ್ಥ: ಬಾಗು. ಮುಗೀತು. ಹನ್ನೊಂದು ಶಬ್ದ, ಎರಡು ಅರ್ಥ, ಮುಂದಿನ ಪುಟ.

"ಮಾಮಾ, ಹಂಚ್ ಎರಡೂ ಕಡೆ ಬಂದೈತಿ ನೋಡು, ಪ್ರಿಂಟ್ ತಪ್ಪಾಗೈತಿ" ಅಂತ ಒಂದನ್ನ ಪೆನ್ನಿಲೆ ಹೊಡದಿದ್ಲು. ಆ ಇಡೀ ಪುಟದಾಗ ಸರಿ ಇದ್ದದ್ದು ಅದೊಂದ, ಆಕಿ ಅದನ್ನ ಹೊಡದು ಕುಂತಾಳ!

ನಿಮಗೆಲ್ಲ ಗೊತ್ತೈತಿ, ಹೈಸ್ಕೂಲಿನ್ಯಾಗ ಇಂಗ್ಲಿಷ್ ಹೇಳ್ಕೋಂತ 23 ವರ್ಷ ಆತು. ಹಂಚ್ ಅಂದಕೂಡ್ಲೆ "ಸರ್, ರೊಟ್ಟಿ ಹಂಚಾ?" ಅಂತ ಕೇಳೋ ಹುಡುಗ ಪ್ರತಿ ವರ್ಷ ಒಬ್ಬ ಇರ್ತಾನ. ಅವನ ಮ್ಯಾಲ ನನಗ ಸಿಟ್ಟಿಲ್ಲ, ಅವನಿಗೆ ಕನಿಷ್ಠ ಹಂಚು ಅಂದ್ರ ಏನು ಅನ್ನೋದರ ಗೊತ್ತೈತಿ. ಅಂತಃಪ್ರಜ್ಞೆ ಅಂದ್ರ ಏನಂತ ಯಾರಿಗೆ ಗೊತ್ತೈತ್ರಿ? ನಿಮ್ಮ ಮನ್ಯಾಗ ಯಾರರ "ನನ್ನ ಅಂತಃಪ್ರಜ್ಞೆ ಹೇಳಾಕತ್ತೈತಿ, ಇವತ್ತು ಕರೆಂಟ್ ಹೊಕ್ಕೈತಿ" ಅಂದಾರೇನು? ಗೊತ್ತಿಲ್ಲದ ಇಂಗ್ಲಿಷಿಗೆ ಗೊತ್ತಿಲ್ಲದ ಸಂಸ್ಕೃತ ಅಂಟಿಸಿ ಇದು ಕನ್ನಡ ಅರ್ಥ ಅಂತ ಕೊಟ್ರ ಹುಡುಗಿ ಪಾಪ ಎರಡನ್ನೂ ಬಾಯಿಪಾಠ ಮಾಡ್ತಾಳ, ಎರಡೂ ತಿಳಿಯಂಗಿಲ್ಲ.

ನಮ್ಮವ್ವ ಒಂದಕ್ಷರ ಓದಿದಾಕಿ ಅಲ್ಲ. ಆದ್ರ ಈ ಸಾಲಿನ್ಯಾಗಿನ ಒಂದೊಂದಕ್ಕೂ ಆಕಿ ಹತ್ರ ಬ್ಯಾರೆ ಬ್ಯಾರೆ ಮಾತಿದ್ವು. ಕಾರಣಾನ ಇಲ್ದ "ಯಾಕೋ ಜೀವ ತಡಿವಲ್ದು" ಅಂತಿದ್ಲು, ಏನ್ ಆಕ್ಕೈತಿ ಅಂತ ಗೊತ್ತಿಲ್ಲ, ಏನೋ ಕೆಟ್ಟದ್ದು ಬರ್ತೈತಿ ಅನ್ನೋ ಭಾರ ಅಷ್ಟ. ಅದು ಫೋರ್‌ಬೋಡಿಂಗ್. ಊರಿಗೆ ಹೊಂಟಾವರಿಗೆ ಇಂಥಾದ್ದ ಆಕ್ಕೈತಿ ಅಂತ ಮೊದಲ ಮನಸ್ಸಿಗೆ ಹೊಳದು, ಹೋಗಬ್ಯಾಡ್ರಿ ಅಂತ ತಡದ್ರ ಅದು ಪ್ರಿಮೊನಿಷನ್, ಲ್ಯಾಟಿನ್‌ನ್ಯಾಗ ಆ ಶಬ್ದದ ಬೇರಾಗ "ಮೊದಲ ಎಚ್ಚರಿಸು" ಅಂತ ಐತಿ. ಓಣ್ಯಾಗ ಯಾರದೋ ಮನಿಗೆ ಹೆಣ್ಣು ನೋಡಾಕ ಬಂದಾರ ಅಂತ ಅರ್ಧಾಮರ್ಧ ಗೊತ್ತಾದ್ರ "ವಾಸನಿ ಬಡದೈತಿ" ಅಂತಿದ್ಲು. ಇಂಕ್ಲಿಂಗ್ ಅಂದ್ರ ಅದ ಅಲ್ಲೇನ್ರಿ? ಇಂಕ್ಲಿಂಗ್‌ಗೂ ಇಂಕಿಗೂ ಏನೂ ಸಂಬಂಧ ಇಲ್ಲ ಮತ್ತ (ಒಬ್ಬ ಹುಡುಗ "ಶಾಯಿ ಹನಿ" ಅಂತ ಬರದಿದ್ದ, ಚಂದ ಬರದಿದ್ದ, ಆದ್ರ ತಪ್ಪು), ನಡುಗಾಲದ ಇಂಗ್ಲಿಷಿನ್ಯಾಗ ಪಿಸುಗುಟ್ಟೋದಕ್ಕ, ಸಣ್ಣ ದನಿಲೆ ಸೂಚನಾ ಕೊಡೋದಕ್ಕ ಇದ್ದ ಶಬ್ದದಿಂದ ಬಂದಿದ್ದದು. ಇಂಗ್ಲಿಷ್ ಮಂದಿ ಅದನ್ನ ಹೆಚ್ಚಾಗಿ ಇಲ್ಲ ಅನ್ನಾಕ ಬಳಸ್ತಾರ, ನನಗ ಸುಳಿವ ಹತ್ತಲಿಲ್ಲ ಅಂತೀವಲ್ಲ, ಹಂಗ.

ಇಂಟ್ಯೂಷನ್ ಕತಿನ ಬ್ಯಾರೆ. ಅದು ಒಂದ್ ಸಲ ಬಂದು ಹೋಗೋದಲ್ಲ, ಮನಷ್ಯಾನೊಳಗ ಕುಂತಿರೋ ಶಕ್ತಿ. ಭತ್ತದ ದಲ್ಲಾಳಿ ರಾಶಿಯಾಗ ಕೈ ಹಾಕಿ ನಾಲ್ಕು ಕಾಳು ಹಲ್ಲಿಗೆ ಕಟ್ ಅನಿಸಿ "ಹಸಿ ಐತಿ, ಇನ್ನೆರಡು ದಿನ ಒಣಗಸ್ರಿ" ಅಂತಾನ ನೋಡ್ರಿ. ಹೆಂಗ ಹೇಳಿದಿ ಅಂದ್ರ ಅವನಿಗೂ ಹೇಳಾಕ ಬರಂಗಿಲ್ಲ, ಇಪ್ಪತ್ತು ವರ್ಷ ಕಚ್ಚಿದ ಹಲ್ಲು ಅದು. ಅದ ದಲ್ಲಾಳಿ "ಈ ಸಲ ರೇಟ್ ಏರ್ತೈತಿ ಅನಿಸ್ತೈತಿ, ಯಾಕಂತ ಕೇಳಬ್ಯಾಡ್ರಿ" ಅಂದ್ರ ಅದು ಹಂಚ್. ತಪ್ಪಿದ್ರೂ ತಪ್ಪಬಹುದು. ಒಂದ ಮನಷ್ಯಾ, ಒಂದ ಗಾದಿ ಮ್ಯಾಲ ಕುಂತು ಆಡಿದ ಎರಡು ಮಾತು, ಎರಡಕ್ಕೂ ನೋಟ್ಸಿನ್ಯಾಗ ಒಂದ ಅರ್ಥ.

ಈಗ ಆ ಎರಡೂ ಕಡೆ ಬಂದ ಹಂಚ್. ಆ ಶಬ್ದ ಮೊದಲ ಇದ್ದದ್ದು ನೂಕು, ತಿವಿ ಅನ್ನೋ ಅರ್ಥದಾಗ. ಆಮ್ಯಾಲ ಬೆನ್ನಿನ ಗೂನಿಗೂ ಬಂತು. ಮನಸ್ಸಿಗೆ ಅನಿಸಿದ್ದು ಅನ್ನೋ ಅರ್ಥ ಬಂದಿದ್ದು 20ನೇ ಶತಮಾನದ ಶುರುವಿನ್ಯಾಗ, ಅಮೆರಿಕದಾಗ. ಯಾರೋ ಮೊಣಕೈಲೆ ತಿವಿದು ಸೂಚನಾ ಕೊಟ್ಟಂಗ ಅಂತ ಕೆಲವರು ಹೇಳ್ತಾರ. ಇನ್ನ ಕೆಲವರು ಜೂಜಾಡೋರ ಕತಿ ಹೇಳ್ತಾರ, ಗೂನುಬೆನ್ನಿನಾವನ ಬೆನ್ನು ಮುಟ್ಟಿ ಆಡಿದ್ರ ಗೆಲ್ತೀವಿ ಅನ್ನೋ ನಂಬಿಕಿ ಅವರಿಗಿತ್ತಂತ. ಅಂದರ್ ಬಾಹರ್ ಆಡೋ ನಮ್ಮ ಮಂದಿಗೆ ಈ ಕತಿ ಹೇಳಬ್ಯಾಡ್ರಿ, ಊರಾಗಿನ ಮುದುಕರ ಬೆನ್ನು ಉಳಿಯಂಗಿಲ್ಲ. ಈ ಕತಿ ಹೇಳಾಕ ಎಷ್ಟು ಹೊತ್ತು ಹಿಡೀತು? ಒಂದು ನಿಮಿಷ. ಅಕ್ಕನ ಮಗಳು ನಕ್ಕಳು, ಹೊಡದಿದ್ದ ಹಂಚ್ ಮ್ಯಾಲ ವಾಪಸ್ ಬರಕೊಂಡ್ಲು.

ಬಾಗು ಅನ್ನೋ ಸಾಲಿಗೆ ಬರ್ತೀನಿ, ನನಗ ಖರೇನ ಉರದಿದ್ದು ಅಲ್ಲಿ.

ಗಂಗಾವತಿ ಸೀಮಿಯಾಗ ಹುಟ್ಟಿದ ಮಕ್ಕಳಿಗೆ ಬಗ್ಗೋದರಾಗ ಎಷ್ಟು ನಮೂನಿ ಐತಿ ಅಂತ ಯಾರೂ ಕಲಸಬೇಕಾಗಿಲ್ಲ. ಡ್ಯಾಮಿನ ನೀರು ಬಿಟ್ಟಮ್ಯಾಲ ಗದ್ದಿಗೆ ಹೋಗಿ ನೋಡ್ರಿ. ನಾಟಿ ಹಚ್ಚೋ ಹೆಣಮಕ್ಕಳು ಕಾಲು ನೆಟ್ಟಗ ಇಟ್ಟು ಸ್ವಂಟದಾಗ ಮುರದು ನಿಂತಿರ್ತಾರ, ಅದು ಸ್ಟೂಪ್. ಹೊತ್ತು ಮುಳಗೋತನಕ ಹಂಗ. ಶೇಂಗಾದಾಗ ಕಸ ತಗಿಯೋರು ಕುಕ್ಕರಗಾಲಿಲೆ ಕುಂತು ಸರಕೋಂತ ಹೊಕ್ಕಾರ, ಹಿಂಬಡ ನೆಲಕ್ಕ, ಅದು ಸ್ಕ್ವಾಟ್. ಬದುವಿನ ಮ್ಯಾಲ ಸಣ್ಣ ಹುಡುಗ ಏಡಿ ಹಿಡಿಯಾಕ ಮೊಣಕಾಲು ಮಡಚಿ, ಮೈ ಮುಂದ ಮಾಡಿ, ಉಸಿರು ಬಿಗಿ ಹಿಡದು ಹೊಂಚು ಹಾಕಿರ್ತಾನ, ಯಾವಾಗ ಜಿಗೀತಾನೋ ಗೊತ್ತಿಲ್ಲ, ಅದು ಕ್ರೌಚ್. ಬೈಕ್ ಮ್ಯಾಲ ಒರಗಿ, ಹೆಗಲು ಜೋಲು ಬಿಟ್ಟು, ಮೊಬೈಲ್ ನೋಡ್ಕೋಂತ ಬಿದ್ದಿರೋ ಮಾಲಕರ ಮಗ, ಅವನು ಸ್ಲೌಚ್. ಸಂಜಿಮುಂದ ಕೂಲಿ ಇಸಗೊಳ್ಳೋವಾಗ ಯಾರರ ತಲಿ ಬಗ್ಗಿಸಿದ್ರ ಅದು ಬೌ. ಈಗ ಹೇಳ್ರಿ, ಆ ಹೆಣಮಗಳು ಬಗ್ಗಿದ್ದೂ ಆ ಬೈಕಿನಾವ ಬಗ್ಗಿದ್ದೂ ಒಂದ ಏನು?

ಸ್ಟೂಪ್ ಅನ್ನೋದಕ್ಕ ಅಮೆರಿಕದಾಗ ದೊಡ್ಡ ಇತಿಹಾಸನ ಐತಿ. ಹೊಲದಾಗ ಬಗ್ಗಿ ಮಾಡೋ ಕೂಲಿಗೆ ಅಲ್ಲಿ ಸ್ಟೂಪ್ ಲೇಬರ್ ಅಂತನ ಹೆಸರು. ಕ್ಯಾಲಿಫೋರ್ನಿಯಾದಾಗ ಗಿಡ್ಡ ಹಿಡಿಕಿ ಗುದ್ದಲಿ ಕೊಟ್ಟು ದಿನಪೂರ್ತಿ ಬಗ್ಗಿಸ್ತಿದ್ರು, ಕೂಲಿಯವರ ಬೆನ್ನು ಹಾಳಾಗ್ತಾವ ಅಂತ ಹೋರಾಟ ಆಗಿ 1975ರಾಗ ಆ ಗುದ್ದಲಿ ಬಳಸೋದನ್ನ ನಿಷೇಧ ಮಾಡಿದ್ರು. ಮರ್ಯಾದಿ ಬಿಟ್ಟು ಹಲ್ಕಟ್ ಕೆಲಸಕ್ಕ ಇಳದ್ರೂ ಸ್ಟೂಪ್ ಅಂತಾರ, ಅದು ಇನ್ನೊಂದು ಅರ್ಥ. ಬೌ ಹಂಗಲ್ಲ, ಅದರಾಗ ಗೌರವ ಐತಿ, ಇಲ್ಲಂದ್ರ ಸೋಲು. ಅದನ್ನ ಬೋ ಅಂತ ಓದಿದ್ರ ಬಿಲ್ಲು ಆಕ್ಕೈತಿ. ಅಕ್ಕನ ಮಗಳ ಕೋಚಿಂಗ್ ಮಾಸ್ತರು ವಿಡಿಯೋದಾಗ ಬೋ ಬೋ ಅಂತ ಹೇಳಿ ತಲಿ ಬಗ್ಗಿಸಿ ತೋರಿಸ್ಯಾನ, ಪುಣ್ಯಕ್ಕ ಬಾಣ ಬಿಟ್ಟಿಲ್ಲ.

ಇಲ್ಲೊಂದು ಹೇಳಿಬಿಡ್ತೀನಿ, ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ. ನೌಕರಿ ಸೇರಿದ ಹೊಸದಾಗ, ನಿಮ್ಮ ಮನಿಯವರ ಬಗ್ಗೆ ಐದು ವಾಕ್ಯ ಬರೀರಿ ಅಂದಿದ್ದೆ. ಹಿಂದಿನ ಬೆಂಚಿನ ಹುಡುಗ ಒಬ್ಬ "ಮೈ ಮದರ್ ಸ್ಕ್ವಾಟ್ಸ್ ಇನ್ ದ ಫೀಲ್ಡ್" ಅಂತ ಬರದಿದ್ದ. ನನಗ ಸ್ಕ್ವಾಟ್ ಅಂದ್ರ ಸಂಡಾಸ ಒಂದ ಗೊತ್ತಿತ್ತು. ಜೋರಾಗಿ ಓದಿ ನಕ್ಕೆ. ನಾ ನಕ್ಕಮ್ಯಾಲ ಕ್ಲಾಸ್ ಪೂರ್ತಿ ನಕ್ತು. ಕೆಂಪು ಪೆನ್ನಿಲೆ ಹೊಡದು ಸಿಟ್ಸ್ ಅಂತ ಬರದೆ. ಆ ಹುಡುಗನ ತಾಯಿ ಕಸ ತಗಿಯಾಕ ಹೋಗಾಕಿ. ಅವನು ಹುಡುಕಿ, ಸರಿಯಾದ ಶಬ್ದ ತಂದಿದ್ದ, ಬಹುಶಃ ಸಾಲಿ ಲೈಬ್ರರಿ ಡಿಕ್ಷನರಿ ನೋಡಿ. ನಮ್ಮವ್ವನೂ ಅದ ಕೆಲಸ ಮಾಡಿದಾಕಿ, ನಾನ ಅದನ್ನ ಹೊಡದು ಹಾಕಿದೆ. ಆ ವರ್ಷ ಪೂರ್ತಿ ಅವನು ನನ್ನ ಕ್ಲಾಸಿನ್ಯಾಗ ಮತ್ತ ಕೈ ಎತ್ತಲಿಲ್ಲ. ಅದಕ್ಕ ಕೋಚಿಂಗ್‌ನಾವರಿಗೆ ಬೈಯೋ ಹಕ್ಕು ನಿನಗೇನೈತಿ ಅಂದ್ರ, ನನಗ ಹೆಚ್ಚಿಗಿ ಐತಿ, ಆ ತಪ್ಪು ಏನ್ ಮಾಡ್ತೈತಿ ಅಂತ ನಾ ಕಣ್ಣಾರೆ ನೋಡೀನಿ.

ಮುಂದ ಒಂದ್ಸಲ ಮಕ್ಕಳನ್ನ ಹಿರೇಬೆಣಕಲ್ ಗುಡ್ಡಕ್ಕ ಕರಕೊಂಡು ಹೋಗಿದ್ವಿ. ಮೋರ್ಯರ ಮನಿ, ಬೃಹತ್ ಶಿಲಾಯುಗದ ಕಲ್ಲಿನ ಗೋರಿಗಳು, ಗ್ವಾಡಿ ಕಲ್ಲಿನ್ಯಾಗ ದುಂಡನ ಕಿಂಡಿ ಕೊರದಾರ. ಒಳಗೇನೈತಿ ನೋಡಬೇಕಂದ್ರ ಸ್ಟೂಪ್ ಸಾಲಂಗಿಲ್ಲ, ಕ್ರೌಚ್ ಆಗಬೇಕು. ಅಲ್ಲೇ ನಿಲ್ಲಿಸಿ ಎಲ್ಲಾರಿಗೂ ಮಾಡಿಸಿದೆ, ಸ್ಟೂಪ್ ಮಾಡ್ರಿ, ಕ್ರೌಚ್ ಮಾಡ್ರಿ, ಸ್ಕ್ವಾಟ್ ಮಾಡ್ರಿ. ಪಿಟಿ ಮಾಸ್ತರು "ಏನ್ರಿ ಸರ್, ನನ್ನ ಪೀರಿಯಡ್ ತಗೊಂಡ್ರಿ" ಅಂದ್ರು. ಆ ಬ್ಯಾಚಿನ ಒಬ್ರೂ ಆ ಮೂರು ಶಬ್ದ ಮರತಿಲ್ಲ, ಸಂತಿಯಾಗ ಸಿಕ್ರ ಈಗೂ ಹೇಳ್ತಾರ.

ನನಗ ಗೊತ್ತೈತಿ, ಈಗ ಯಾರರ ಬಂದು "ಸರ್, ಪರೀಕ್ಷಾದಾಗ ನಾಲ್ಕು ಆಪ್ಷನ್ ಇರ್ತಾವ, ಹತ್ರದ್ದು ಟಿಕ್ ಹಾಕಿದ್ರ ಸಾಕು, ಟೈಮ್ ಎಲ್ಲೈತಿ" ಅಂತೀರಿ. ಖರೇ, ಟೈಮಿಲ್ಲ. ಆದ್ರ ಬ್ಯಾಂಕ್ ಪರೀಕ್ಷಾದಾಗ ತಪ್ಪು ಉತ್ತರಕ್ಕ ಕಾಲು ಮಾರ್ಕು ಕಟ್. ಬಿಟ್ಟ ಸ್ಥಳ ತುಂಬೋ ಪ್ಯಾಸೇಜಿನ್ಯಾಗ ಚಳಿಗೆ ಹೆಗಲು ಏರಿಸಿ ಮುದುಡಿ ನಿಂತಾವಗ ಹಂಚ್ಡ್ ಹಾಕಬೇಕೋ ಸ್ಟೂಪ್ಡ್ ಹಾಕಬೇಕೋ ಅಂತ ಕೇಳಿದ್ರ, ಎಲ್ಲಾ ಬಾಗು ಅಂತ ಓದಿದ ಹುಡುಗಿ ಯಾವುದನ್ನ ಟಿಕ್ ಹಾಕ್ಬೇಕು? ಅಂತಃಪ್ರಜ್ಞೆಲೆ ಹಾಕ್ಬೇಕೇನು? ಸಮಾನಾರ್ಥಕ ಅಂತ ಹೆಸರ ಐತಲ್ಲ ಸರ್ ಅನ್ನೋರು ಒಂದ್ಸಲ ಅಕ್ಕಿ ಅಂಗಡಿಗೆ ಹೋಗಿ ಸೋನಾಮಸೂರಿ, ಕಾವೇರಿ ಸೋನಾ, ಆರ್‌ಎನ್‌ಆರ್ ಎಲ್ಲಾ ಅಕ್ಕಿನ ತಗೋ ಅಂತ ಒಂದ ಚೀಲಕ್ಕ ಸುರುವಿ ಬರ್ರಿ, ಅಂಗಡಿಯಾವ ಏನಂತಾನ ಕೇಳಿಸ್ಕೊಂಡು ಬಂದು ಆಮ್ಯಾಲ ನನ್ನ ಜೋಡಿ ವಾದಕ್ಕ ಕುಂದ್ರಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು ಅಂತಾರ. ಅದನ್ನೂ ಅಕ್ಕನ ಮಗಳಿಗೆ ಕೇಳಿದೆ, ಈ ಬಗ್ಗೋದು ಯಾವುದವ್ವ? "ಬೆಂಡ್ ಮಾಮಾ, ಗಿಡ ಸ್ಟೂಪ್ ಆಗಂಗಿಲ್ಲಲ್ಲ" ಅಂದ್ಲು. ಅರ್ಧ ತಾಸಿನ್ಯಾಗ! ಹಂಗಾದ್ರ ಹುಡುಗ್ಯಾರ ತಲಿಯಾಗ ಏನೂ ತಪ್ಪಿಲ್ಲ, ಝೆರಾಕ್ಸಿನ್ಯಾಗ ಐತಿ.

ಆಕಿ ನೋಟ್ಸಿಗೆ ಎರಡೂ ಸಾಲು ನಾನ ಬರದು ಕೊಟ್ಟೆ. ಫೋರ್‌ಬೋಡಿಂಗ್ ಮುಂದ "ಜೀವ ತಡಿವಲ್ದು", ಇಂಕ್ಲಿಂಗ್ ಮುಂದ "ವಾಸನಿ ಬಡಿಯೋದು", ಸ್ಕ್ವಾಟ್ ಮುಂದ "ಕುಕ್ಕರಗಾಲು". "ಇದು ಪುಸ್ತಕದ ಕನ್ನಡ ಅಲ್ಲಲ್ಲ ಮಾಮಾ" ಅಂದ್ಲು. ಪುಸ್ತಕದ್ದಲ್ಲವ್ವ, ನಿಮ್ಮಜ್ಜಿದು ಅಂದೆ.

ಸ್ಲೌಚ್ ಒಂದಕ್ಕ ಮಾತ್ರ ಸಿಗವಲ್ದು. ಜೋಲು ಬೀಳೋದು ಅಂತ ಸದ್ಯಕ್ಕ ಬರದೀನಿ, ಅದರಾಗ ಆ ಸೋಮಾರಿತನ ಪೂರ್ತಿ ಬರಂಗಿಲ್ಲ. ಸಿಂಧನೂರು, ಮಾನ್ವಿ, ಕಂಪ್ಲಿ, ಸಿರುಗುಪ್ಪ ಕಡೆಯಾವ್ರು ನಿಮ್ಮ ಮನ್ಯಾಗ ಹಂಗ ಕುಂತ ಹುಡುಗರಿಗೆ ಏನಂತ ಬೈತೀರಿ, ಕೆಳಗ ಬರೀರಿ. ಅಂತಃಪ್ರಜ್ಞೆ ಥರದ್ದು ಬರದ್ರ ಬ್ಲಾಕ್ ಮಾಡ್ತೀನಿ.