ಸಗಣಿಯೇ ಸಂಪತ್ತು, ನದಿಯೇ ಗೋದಾಮು

ತಬೇಲಾಗಳ, ಅಂದರೆ ಎಮ್ಮೆ ಕೊಟ್ಟಿಗೆಗಳ, ಸಗಣಿಯಿಂದ ಗ್ಯಾಸ್ ಮಾಡಿ ಮುಂಬಯಿಯ ನದಿಗಳನ್ನು ಉಳಿಸುತ್ತಾರಂತೆ. ಮತ್ತೊಮ್ಮೆ. ಕೇಳಿ ಸಂತೋಷವಾಯಿತು.

ಎಮ್ಮೆಯೊಂದು ದಿನಕ್ಕೆ 10-15 ಕಿಲೋ ಸಗಣಿ ಹಾಕುತ್ತದೆ. ಟೆಂಡರ್ ಬೇಡ, ಕನ್ಸಲ್ಟೆಂಟ್ ಬೇಡ. ಇಡೀ ಯೋಜನೆಯಲ್ಲಿ ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದು ಪಾಪ ಅದೊಂದೇ. ಮುಂದಿನದು ಮನುಷ್ಯರ ಪಾಲಿನದು. ನೀರು ಬಿಟ್ಟು ತೊಳೆಯುತ್ತಾರೆ. ಸಂಪತ್ತೆಲ್ಲ ದಹಿಸರ್, ಓಶಿವಾರಾ ನದಿಗಳಲ್ಲಿ ಜಮಾ.

ಇದೇನು ಹೊಸ ವಿದ್ಯೆಯಾ? ನಾವು ಮುಂಬಯಿ ಕನ್ನಡಿಗರು ಮಾಟುಂಗಾಕ್ಕೆ ಹೋಗುವುದು ಇಡ್ಲಿ ತಿನ್ನಲು, ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ ನೋಡಲು. ಅದೇ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಮಲದಿಂದ ಗ್ಯಾಸ್ ಹಿಡಿದು ದೀಪ ಉರಿಸಿದ್ದರು. ಗಾಳಿಯಾಡದ ಟ್ಯಾಂಕ್‌ನಲ್ಲಿ ಕೊಳೆಯಲು ಬಿಟ್ಟರೆ ಮೀಥೇನ್ ಬರುತ್ತದೆ, ಅಷ್ಟೇ. ಆಮೇಲೆ ಹಳ್ಳಿ ಹಳ್ಳಿಗೆ ಗೋಬರ್ ಗ್ಯಾಸ್ ಒಯ್ದ ಖಾದಿ ಆಯೋಗದ ಮುಖ್ಯ ಕಚೇರಿ ಎಲ್ಲಿದೆ ಗೊತ್ತಾ? ಇಲ್ಲೇ, ವಿಲೇಪಾರ್ಲೆಯಲ್ಲಿ. ತಬೇಲಾಗಳ ಜೋಗೇಶ್ವರಿ ಅಲ್ಲಿಂದ ಎರಡನೇ ಸ್ಟೇಷನ್, ನಡುವೆ ಅಂಧೇರಿ ಒಂದೇ. ನಮ್ಮೂರಿನ ಕೊಟ್ಟಿಗೆವರೆಗೂ ಬಂದ ಗ್ಯಾಸ್‌ಗೆ ಅಂಧೇರಿ ದಾಟಲು ಆಗಲಿಲ್ಲ. ಬೊರಿವಿಲಿ ಲೋಕಲ್‌ನಲ್ಲಿ ನಿಲ್ಲಲೂ ಜಾಗ ಸಿಗಲಿಲ್ಲವೇನೋ.

ಇನ್ನು ಮನುಷ್ಯರ ಕೊಳಚೆ. 2023ರ ಜನವರಿಯಲ್ಲಿ ಏಳು ಶುದ್ಧೀಕರಣ ಘಟಕಗಳಿಗೆ ಪ್ರಧಾನಿಯವರೇ ಬಂದು ಶಂಕುಸ್ಥಾಪನೆ ಮಾಡಿದರು. ದಿನಕ್ಕೆ 246 ಕೋಟಿ ಲೀಟರ್ ಶುದ್ಧ ಮಾಡುವ ಲೆಕ್ಕ. ಒಳ್ಳೇದೇ, ಬೇಕಾಗಿತ್ತು. ಅವು ಪೂರ್ತಿ ಮುಗಿಯುವವರೆಗೆ ಅರಬ್ಬೀ ಸಮುದ್ರ ಸಂಬಳವಿಲ್ಲದೆ ಡ್ಯೂಟಿ ಮಾಡುತ್ತದೆ. ಮಾಹಿಮ್ ದಾಟಿ ಮೀಠಿ ನದಿ ಬಂದಾಗ ಲೋಕಲ್‌ನ ಬಾಗಿಲಲ್ಲಿ ನಿಂತವರು ಕರ್ಚೀಫ್ ತೆಗೆಯುತ್ತಾರೆ. ಬಾಂದ್ರಾ ಬಂತು ಅಂತ ಅನೌನ್ಸ್ ಮಾಡುವ ಅಗತ್ಯವೇ ಇಲ್ಲ.

ಗ್ಯಾಸ್ ಇಲ್ಲ ಅಂತಲ್ಲ, ಅಲ್ವಾ? ಗಟಾರದಲ್ಲಿ ಬೇಕಾದಷ್ಟಿದೆ. ಮ್ಯಾನ್‌ಹೋಲ್‌ಗೆ ಇಳಿದವನನ್ನು ಕೊಲ್ಲುವುದು ಅದೇ ಮೀಥೇನ್, ಜೊತೆಗೆ ಹೈಡ್ರೋಜನ್ ಸಲ್ಫೈಡ್. ಒಬ್ಬ ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನೂ ಮೇಲೆ ಬರುವುದಿಲ್ಲ. ಹೀಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನಾಗಿದೆ. ಆದರೂ ಇಳಿಸುತ್ತಾರೆ. ಕೇಳಿದರೆ ಪಾಲಿಕೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಉಪಗುತ್ತಿಗೆದಾರನನ್ನು ತೋರಿಸುತ್ತಾನೆ. ಸತ್ತವನು ಯಾರ ರಿಜಿಸ್ಟರ್‌ನಲ್ಲೂ ಇರುವುದಿಲ್ಲ.

ನಿಮ್ಮ ಗ್ಯಾಸು, ಕರೆಂಟು ಯಾವಾಗಲಾದರೂ ಬರಲಿ ಸ್ವಾಮಿ. ಆಳನ್ನು ಇಳಿಸುವುದನ್ನು ನಿಲ್ಲಿಸಿ. ಮಷೀನ್ ತನ್ನಿ.