ಮಹಡಿಯಿಂದ ಒಂದು ‘ಹೋಯ್ತಾ?’

ನಿನ್ನೆ ಸಂಜೆ ನಾಲ್ಕನೇ ಫ್ಯೂಸು ಹೋಯಿತು. ಗಿಟಾರಿನ ಸದ್ದು ದೊಡ್ಡದು ಮಾಡುವ ನನ್ನ ವಾಲ್ವ್ ಆಂಪಿನ ತಾಕತ್ತು ಬರೀ 15 ವ್ಯಾಟು, ತೂಕ ಮಾತ್ರ 15 ಕೇಜಿ. ಸ್ವಿಚ್ ಹಾಕಿ, ಒಳಗಿನ ಗಾಜಿನ ವಾಲ್ವ್ ಬಿಸಿಯಾಗಲಿ ಅಂತ ಕಾದು, ಗಿಟಾರಿನ ತಂತಿ ಮೀಟಿದೆನೋ ಇಲ್ಲವೋ, ಪಟ್! ಕೆಂಪು ದೀಪ ಆರಿತು. ಮಹಡಿಯಿಂದ ದನಿ ಬಂತು: “ಹೋಯ್ತಾ?”

ಅವರು ನಮ್ಮ ಓನರ್ ಅಂಕಲ್. ನಾನು ನುಡಿಸುವಾಗ ಒಂದು ದಿನವೂ ತುಟಿ ಬಿಚ್ಚಿದವರಲ್ಲ. ಸದ್ದು ನಿಂತ ಕೂಡಲೇ ಈ “ಹೋಯ್ತಾ?”. ಅದರಲ್ಲಿ ಕನಿಕರ ಎಷ್ಟು, ಸಂತೋಷ ಎಷ್ಟು ಅಂತ ನನಗಿನ್ನೂ ಗೊತ್ತಾಗಿಲ್ಲ. ಕೇಳಿ ಸುಮ್ನಿರುವುದೂ ಇಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಕೆಳಗೆ ಬರುತ್ತಾರೆ, ಕೈಯಲ್ಲಿ ಸಿಗರೇಟ್ ಪ್ಯಾಕಿನ ಬೇಗಡೆ. “ಇದನ್ನ ಸುತ್ತಿ ಹಾಕಪ್ಪ, ಜನ್ಮದಲ್ಲಿ ಹೋಗಲ್ಲ.” ಫ್ಯೂಸು ಹೋಗುವುದಿಲ್ಲ, ನಿಜ. ಅದರ ಬದಲು ಆಂಪಿನೊಳಗಿನ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಹಾಗಂದರೆ, “ಈ ಮನೆ ಫ್ಯೂಸಿಗೆ ಮೂರೆಳೆ ತಾಮ್ರದ ತಂತಿ ಹಾಕಿದೀನಿ, ಏನಾಗಿದೆ?” ಅಂತಾರೆ. ಈ ಮನೆ ಅಂದರೆ ನಾನು ರಾತ್ರಿ ಮಲಗುವ ಮನೆಯೂ ಹೌದಲ್ವಾ!

ಮೊದಲ ಫ್ಯೂಸಿನ ಪಾಪ ಎಸ್.ಪಿ. ರೋಡಿನ ಅಂಗಡಿಯವನದು. ಸ್ವಿಚ್ ಹಾಕಿದ ಕ್ಷಣ ಆಂಪು ಗಬಕ್ಕನೆ ಕರೆಂಟ್ ಎಳೆಯುತ್ತದೆ, ಅದನ್ನು ತಾಳಿಕೊಳ್ಳುವ ಸ್ಲೋ ಬ್ಲೋ ಫ್ಯೂಸೇ ಬೇಕು, ಅದರ ಲೋಹದ ಟೋಪಿಯ ಮೇಲೆ ‘ಟಿ’ ಅಂತ ಇರುತ್ತದೆ. ಅವನು ಕೊಟ್ಟಿದ್ದು ‘ಎಫ್’. “ಎರಡೂ ಒಂದೇ ಸಾರ್.” ಉಳಿದ ಮೂರರ ಪಾಪ ನನ್ನದೇ. ಸುಟ್ಟ ಫ್ಯೂಸಿನ ಗಾಜು ಒಳಗೆಲ್ಲ ಕಪ್ಪಾಗಿತ್ತು, ಅಂದರೆ ಎಲ್ಲೋ ದೊಡ್ಡ ಶಾರ್ಟು. ಗೊತ್ತಿದ್ದೂ ‘ನೋಡೋಣ’ ಅಂತ ಹೊಸದು ಹಾಕುತ್ತಾ ಹೋದೆ.

ಇವತ್ತು ಬೆಳಿಗ್ಗೆ ಬುದ್ಧಿ ಬಂದು ಸೀರೀಸ್ ಬೋರ್ಡ್ ಮಾಡಲು ಕೂತೆ. ಆಂಪಿನ ದಾರಿಯಲ್ಲಿ 100 ವ್ಯಾಟಿನ ಬಲ್ಬು ಕೂರಿಸಿದರೆ, ಶಾರ್ಟ್ ಇದ್ದಾಗ ಬಲ್ಬು ಜೋರಾಗಿ ಉರಿಯುತ್ತದೆ, ಫ್ಯೂಸು ಉಳಿಯುತ್ತದೆ. ಆದರೆ ಹಳೇ ಹಳದಿ ಬಲ್ಬು ಈಗೆಲ್ಲಿ? ಮೂರು ಅಂಗಡಿಯಲ್ಲೂ ಎಲ್‌ಇಡಿ ತೋರಿಸಿ ಕರೆಂಟ್ ಬಿಲ್ಲಿನ ಪಾಠ ಮಾಡಿದರು. ಕೊನೆಗೆ ಸಿಕ್ಕಿದ್ದು ಅಂಕಲ್ ಅಟ್ಟದಲ್ಲೇ. ಬಲ್ಬಿನ ಜೊತೆ ಅವರೂ ಬಂದರು, ಟೆಸ್ಟರ್ ಹಿಡಿದು. ವೈರ್ ಕಿತ್ತ ಮೇಲೂ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ 300 ವೋಲ್ಟ್ ಕೂತಿರಬಹುದು; ಟೆಸ್ಟರ್ ಕಿತ್ತುಕೊಳ್ಳುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು.

ಎಲ್ಲ ವಾಲ್ವ್ ಇದ್ದಾಗ ಬಲ್ಬು ಝಗ್ಗಂತ ಉರಿಯಿತು. ಅವುಗಳಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಇಎಲ್ 84 ಎರಡನ್ನೂ ತೆಗೆದೆ. ಒಮ್ಮೆ ಮಿಂಚಿ ಮಂಕಾಯಿತು. ಒಂದನ್ನು ವಾಪಸ್ ಹಾಕಿದೆ, ಮಂಕು. ಇನ್ನೊಂದಕ್ಕೆ ಮತ್ತೆ ಝಗ್! ಕಳ್ಳ ಸಿಕ್ಕ. ಆದರೆ ಇವನ್ನು ಜೋಡಿಯಾಗಿಯೇ ಬದಲಿಸಬೇಕು, ತಪ್ಪು ಮಾಡದವನಿಗೂ ಮನೆಯಿಂದ ಗೇಟ್‌ಪಾಸು.

ಡ್ರಾಯರಿನಲ್ಲಿದ್ದ ಹೊಸ ಜೋಡಿ ಹಾಕಿದೆ. ಅಂಕಲ್ ಯಾಕೋ ಕಿಟಕಿ ಪರದೆ ಎಳೆದು ರೂಮಿನ ಲೈಟ್ ಆರಿಸಿದರು. ಆಂಪಿನ ಹಿಂದೆ ವಾಲ್ವುಗಳು ಕೆಂಡದ ಬಣ್ಣಕ್ಕೆ ತಿರುಗುತ್ತಿದ್ದವು.

“ನಮ್ಮಪ್ಪನ ರೇಡಿಯೋ ಹೀಗೇ ಕಣಪ್ಪ. ಹಾಕಿದ ತಕ್ಷಣ ಮಾತಾಡ್ತಿರಲಿಲ್ಲ. ಮುಂದುಗಡೆ ಹಸಿರು ಕಣ್ಣು ನಿಧಾನಕ್ಕೆ ಬಿಡೋದು. ನಾವೆಲ್ಲ ಚಾಪೆ ಮೇಲೆ ಕೂತು ಕಾಯ್ತಿದ್ವಿ.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನೋಡಿದೆವು. ನಾನು ಮೆಲ್ಲಗೆ ಗಿಟಾರ್ ಎತ್ತಿಕೊಂಡೆ.

“ಇದ್ರಲ್ಲಿ ರೇಡಿಯೋ ಬರುತ್ತಾ?”

“ಇಲ್ಲ ಅಂಕಲ್.”

“ಮತ್ತೆ ಇಷ್ಟೆಲ್ಲಾ ಯಾಕೆ ಒದ್ದಾಡ್ತೀಯಪ್ಪಾ?” ಅಂದವರೇ ಎದ್ದರು. ಬಾಗಿಲವರೆಗೆ ಹೋಗಿ ವಾಪಸ್ ಬಂದು, ಬೇಗಡೆಯನ್ನು ನಾಲ್ಕು ಮಡಿಕೆ ಮಾಡಿ ಆಂಪಿನ ಮೇಲಿಟ್ಟರು.

“ಇರ್ಲಿ. ಬೇಕಾಗುತ್ತೆ.”