ಈ ಕ್ಲಚ್ ಯಾವಾಗ ಹೋಗುತ್ತೋ!

ಎರಡು ಲಕ್ಷ ಕಿಲೋಮೀಟರಿನ ಹತ್ತಿರ ಓಡಿದ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಕಿವಿ ಬಹಳ ಚುರುಕಾಗುತ್ತದೆ. ಬೇರೆಯವರು ಕಾರಿನಲ್ಲಿ ಹಾಡು ಕೇಳುತ್ತಾರೆ. ನಾವು ಹಾಡು ನಿಲ್ಲಿಸಿ ಕಾರು ಕೇಳುತ್ತೇವೆ. ಹಂಪ್ ಇಳಿದರೆ ಟಕ್, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಿರ್ರ್. ಪಕ್ಕದಲ್ಲಿ ಕೂತ ಹೆಂಡತಿ ಮನೆಯ ಏನೋ ಮುಖ್ಯ ವಿಷಯ ಹೇಳುತ್ತಿದ್ದರೆ "ಒಂದ್ನಿಮಿಷ, ಮಾತಾಡ್ಬೇಡ" ಎಂದು ಕೈ ಎತ್ತುತ್ತೇವೆ. ಇದರಿಂದ ಸಂಸಾರದಲ್ಲಿ ಆಗುವ ಸವಕಳಿಗೆ ಯಾವ ಗ್ಯಾರೇಜಿನಲ್ಲೂ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

ನಮ್ಮ ಕಾರಿನ ಹಿಂದಿನ ಮಾಲೀಕರು ಬಹಳ ಒಳ್ಳೆಯ ಮನುಷ್ಯ. ಏನು ಕೇಳಿದರೂ "ಮೊನ್ನೆ ತಾನೇ ಹಾಕ್ಸಿದೀನಿ" ಎನ್ನುತ್ತಿದ್ದರು. ಬ್ಯಾಟರಿ? ಮೊನ್ನೆ ತಾನೇ. ಟೈಮಿಂಗ್ ಬೆಲ್ಟ್? ಮೊನ್ನೆ ತಾನೇ. ಟೈರು? ಅದೂ ಮೊನ್ನೆಯೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ, 2316 ಅಂದರೆ 2016ರ 23ನೇ ವಾರ ತಯಾರಾದದ್ದು, ಅದನ್ನು ಬಗ್ಗಿ ಓದಿದ ಮೇಲೆ ಅವರ ಮೊನ್ನೆ ಯಾವ ಕಾಲದ್ದೆಂದು ಗೊತ್ತಾಯಿತು. ನಿಜವಾಗಿ ಹೊಸದಾಗಿದ್ದದ್ದು ಸೀಟ್ ಕವರು, ಸ್ಟೀರಿಂಗ್ ಕವರು ಮತ್ತು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಸೆಂಟಿನ ಬಾಟಲಿ. ಬಾನೆಟ್ಟಿನ ಕೆಳಗೆ ಯಾವುದಕ್ಕೂ ಬಿಲ್ ಇಲ್ಲ. ಬಿಲ್ ಇಲ್ಲದ ಪಾರ್ಟು ಬದಲಾಗಿಯೇ ಇಲ್ಲ ಎಂದು ಲೆಕ್ಕ ಹಿಡಿಯುವುದೇ ಕ್ಷೇಮ. ನಂಬಿಕೆ ಮನುಷ್ಯರ ಮೇಲಿರಲಿ, ರಬ್ಬರಿನ ಮೇಲೆ ಬೇಡ.

ಸರಿ, ಏನೇನು ಬದಲಾಯಿಸಬೇಕು ಎಂದು ಮನೆಯಲ್ಲಿ ಕೇಳಿದೆ. ಅಮ್ಮನಿಗೆ ಹಿಂದಿನ ಕಿಟಕಿ ಪೂರ್ತಿ ಇಳಿಯಬೇಕು. ಮಗನಿಗೆ ಸ್ಪೀಕರ್ ಬೇಕು. ಹೆಂಡತಿಗೆ ಗ್ಲೋವ್ ಬಾಕ್ಸ್ ರಿಪೇರಿ ಆಗಬೇಕು, ಯಾಕೆಂದರೆ ಪ್ರತಿ ಹಂಪಿಗೂ ಅದು ತಾನಾಗಿ ತೆರೆದುಕೊಂಡು ಅವಳ ಮಂಡಿಗೇ ಬಡಿಯುತ್ತದೆ. ಮಾವನವರದು ಒಂದೇ ಸಿದ್ಧಾಂತ: "ಓಡ್ತಿರೋದನ್ನ ಮುಟ್ಟಬಾರದು." ಭಾವನಂತೂ ಸರಿ, ಕಾರು ಅಂದರೆ ಸಾಕು, ಅಮೆರಿಕದ ಇರ್ವ್ ಗಾರ್ಡನ್ ಕಥೆ ತೆಗೆಯುತ್ತಾರೆ. ಆತ 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರನ್ನು ಓಡಿಸುತ್ತಲೇ ಇದ್ದು 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದರು. "ನಿಂದಿನ್ನೂ ಮಗು ಕಣಯ್ಯಾ!" ಕಥೆ ನಿಜವೇ. ಆದರೆ ಆತ ಕಾರನ್ನು ಹೊಸದಾಗಿ ಕೊಂಡಿದ್ದರು, ಮ್ಯಾನ್ಯುವಲ್ ಹೇಳಿದ ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುತ್ತಿದ್ದರು. ಆ ಭಾಗ ಬಂದಾಗ ಭಾವನಿಗೆ ಕೆಮ್ಮು ಬರುತ್ತದೆ.

ಇಷ್ಟು ಜನರಲ್ಲಿ ಟೈಮಿಂಗ್ ಬೆಲ್ಟಿನ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಹೇಗೆ ಬಿಡುತ್ತಾರೆ, ಅದು ಸದ್ದೇ ಮಾಡುವುದಿಲ್ಲ ಅಲ್ವಾ? ಪಿಸ್ಟನ್ ಏರಿಳಿಯುವುದನ್ನೂ ವಾಲ್ವ್ ತೆರೆದು ಮುಚ್ಚುವುದನ್ನೂ ಒಂದೇ ತಾಳದಲ್ಲಿ ಇಟ್ಟಿರುವ ರಬ್ಬರ್ ಪಟ್ಟಿ ಅದು. ಕೆಲವು ಕಾರುಗಳಲ್ಲಿ ಇದರ ಬದಲು ಚೈನ್ ಇರುತ್ತದೆ, ಸವೆದರೆ ಗಲಗಲ ಎಂದು ಗಲಾಟೆಯಾದರೂ ಮಾಡುತ್ತದೆ. ಬೆಲ್ಟ್ ಹಾಗಲ್ಲ. ತುಂಬಾ ಸಲ ಮುನ್ಸೂಚನೆಯೇ ಇಲ್ಲದೆ ಕಿತ್ತುಹೋಗುತ್ತದೆ, ಆಗ ಎಷ್ಟೋ ಎಂಜಿನ್‌ಗಳಲ್ಲಿ ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಂದು ಗುದ್ದಿ ವಾಲ್ವ್ ಬಾಗಿ, ಒಂದು ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಕಿಲೋಮೀಟರ್ ಅಷ್ಟೇ ಅಲ್ಲ, ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು. ಹಾಗಾಗಿ ಮೊದಲ ಮತ ಅದಕ್ಕೇ ಹಾಕಿದೆ. "ಅಷ್ಟು ಬಿಚ್ಚಿದ್ಮೇಲೆ ವಾಟರ್ ಪಂಪ್, ಟೆನ್ಷನರ್ ಎರಡೂ ಹಾಕಿಬಿಡೋಣ ಸಾರ್" ಎಂದ ಮೆಕ್ಯಾನಿಕ್. ಈ "ಬಿಚ್ಚಿದ್ಮೇಲೆ" ಕೇಳಿದರೆ ಎದೆ ಸ್ವಲ್ಪ ಡವಗುಟ್ಟುವುದು ಸಹಜ, ಆದರೆ ಇಲ್ಲಿ ಅವನ ಮಾತು ಸರಿ. ಹಲವು ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಟೆನ್ಷನರ್. ಹಳೇ ಪಂಪ್ ಆರು ತಿಂಗಳಿಗೆ ಸೋರಿದರೆ ಅದೇ ಬಿಚ್ಚುವ ಕೂಲಿಯನ್ನು ಮತ್ತೆ ಕೊಡಬೇಕು.

ಕೆಲಸ ಮುಗಿದ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋದೆ. "ಏನು ಬದಲಾಯ್ತು?" ಎಂದು ಕೇಳಿದರು. ಏನೂ ಬದಲಾಗಿರಲಿಲ್ಲ. ಏನೂ ಆಗದೇ ಇರಲಿ ಎಂದೇ ಅಷ್ಟು ದುಡ್ಡು ಕೊಟ್ಟದ್ದು ಎಂದು ವಿವರಿಸಲು ಬಾಯಿ ತೆರೆದೆ, ಅಷ್ಟರಲ್ಲಿ ಹಂಪ್ ಬಂತು, ಗ್ಲೋವ್ ಬಾಕ್ಸ್ ತೆರೆದುಕೊಂಡಿತು. ವಿವರಣೆ ಅಲ್ಲಿಗೇ ನಿಂತಿತು.

ಬ್ರೇಕ್ ಆಯಿಲಿಗೂ ಇದೇ ಗತಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ, ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತದೆ, ಉದ್ದದ ಇಳಿಜಾರಿನಲ್ಲಿ ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಬಹಳಷ್ಟು ಕಂಪನಿಗಳು ಬರೆದಿರುತ್ತವೆ. ಮನೆಯವರಿಗೆ ಹೇಳದೆ ಬದಲಾಯಿಸಿದೆ. ಹೇಳಿದ್ದರೆ ಸ್ಪೀಕರ್ ಪ್ರಸ್ತಾಪ ಮತ್ತೆ ಬರುತ್ತಿತ್ತು.

ಆಮೇಲೆ ಎಲ್ಲರೂ ಮೆಚ್ಚುವ ಕೆಲಸ ಒಂದಾದರೂ ಇರಲಿ ಎಂದು ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರುವ ರಬ್ಬರ್ ದಿಂಬು, ಹಾಕಿಸಿದೆ. ರಬ್ಬರ್ ಪೂರ್ತಿ ಸತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಇಡೀ ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಹೊಸದು ಹಾಕಿದ ಮೇಲೆ ನಡುಕ ನಿಂತಿತು, ಗದ್ದಲ ನಿಂತಿತು. ಆ ನಿಶ್ಶಬ್ದದಲ್ಲಿ, ಇಷ್ಟು ದಿನ ಕೇಳಿಸದೇ ಇದ್ದ ಒಂದು 'ಹೂಂ' ಕೇಳಿಸತೊಡಗಿತು. ವೇಗ ಹೆಚ್ಚಿದಂತೆ ಹೂಂ ಕೂಡ ಹೆಚ್ಚುತ್ತದೆ, ಒಂದು ಕಡೆ ತಿರುಗಿಸಿದರೆ ಜೋರಾಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಸುಮ್ಮನಾಗುತ್ತದೆ. ವೀಲ್ ಬೇರಿಂಗ್. "ರೀ, ದುಡ್ಡು ಕೊಟ್ಟು ಹೊಸ ಸದ್ದು ಹಾಕಿಸ್ಕೊಂಡು ಬಂದ್ರಾ?" ಎಂದಳು ಹೆಂಡತಿ. ಬೇರಿಂಗ್ ಹಾಕಿಸಿದ ಮೇಲೆ ಡ್ಯಾಶ್‌ಬೋರ್ಡಿನ ಒಳಗಿನ ಕಿರಿಕಿರಿ ಕೇಳಿಸಿತು. ಅಲ್ಲಿಗೆ ಸಾಕು ಎಂದು ಕೈ ಮುಗಿದೆ. ಚಕ್ರ, ಬ್ರೇಕು, ಸ್ಟೀರಿಂಗಿಗೆ ಸಂಬಂಧಪಟ್ಟ ಸದ್ದಿಗೆ ಕಿವಿ ಕೊಡಬೇಕು, ಪ್ಲಾಸ್ಟಿಕ್ಕಿನ ಗೊಣಗಾಟಕ್ಕೆ ಹಾಡಿನ ವಾಲ್ಯೂಮ್ ಏರಿಸಿದರೆ ಆಯಿತು. ಮಗನಿಗೆ ಸ್ಪೀಕರ್ ಸಿಕ್ಕಿದ್ದು ಹೀಗೆ.

ನಡುವೆ ಚೆಕ್ ಎಂಜಿನ್ ಲೈಟೂ ಹತ್ತಿತು. ಭಾವ ಒಂದು ತುಂಡು ಕಪ್ಪು ಟೇಪ್ ತಂದು ಲೈಟಿನ ಮೇಲೆ ಅಂಟಿಸಿ "ಆಯ್ತು ನೋಡು" ಎಂದರು. ಸ್ಕ್ಯಾನರಿನಲ್ಲಿ ಪಿ0420 ಎಂದು ಬಂತು. ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುತ್ತಿಲ್ಲ ಎಂಬ ದೂರು ಅದು. ದೂರು ಬಂದ ತಕ್ಷಣ ಶಿಕ್ಷೆ ಕೊಡಬಾರದು, ಯಾಕೆಂದರೆ ಕನ್ವರ್ಟರ್ ಬಹಳ ದುಬಾರಿ ಪಾರ್ಟು. ಸೆನ್ಸರ್ ಕೆಟ್ಟರೂ, ಸೈಲೆನ್ಸರ್ ಪೈಪ್ ಜಾಯಿಂಟಿನಲ್ಲಿ ಗಾಳಿ ಸೋರಿದರೂ ಇದೇ ಕೋಡ್ ಬರಬಹುದು. ನಮ್ಮದು ಸೋರಿಕೆಯೇ. ಒಂದು ಪ್ಯಾಕಿಂಗಿನಲ್ಲಿ ಮುಗಿಯಿತು. ಟೇಪಿನ ಅಂಟು ಮಾತ್ರ ಇನ್ನೂ ಹೋಗಿಲ್ಲ.

ಈಗ ಉಳಿದಿರುವುದು ಆಯಿಲ್ ತೊಟ್ಟಿಕ್ಕುವುದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಕ್ರ್ಯಾಂಕ್ ಆಯಿಲ್ ಸೀಲ್ ಸಣ್ಣಗೆ ಸೋರುತ್ತಿದೆ. ಸೀಲ್ ಬಲು ಅಗ್ಗ, ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಬದಲಾಯಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಕ್ಲಚ್ ಸವೆದಾಗ ಒಂದೇ ಕೂಲಿಯಲ್ಲಿ ಎರಡೂ ಮಾಡಿಸುವುದು, ಅಲ್ಲಿಯವರೆಗೆ ಆಯಿಲ್ ಮಟ್ಟ ನೋಡುತ್ತಾ ಇರುವುದು ಎಂದು ತೀರ್ಮಾನವಾಯಿತು. ಕಾರಿನ ಕೆಳಗೆ ರಟ್ಟು ಹಾಸಿದ್ದೇನೆ. ಬೆಳಿಗ್ಗೆ ಎದ್ದು ಕಲೆ ಎಷ್ಟು ಅಗಲ ಆಗಿದೆ ನೋಡುತ್ತೇನೆ. ತೊಂದರೆ ಏನೆಂದರೆ ಈ ಕಾರಿನಲ್ಲಿ ಸವೆಯದೇ ಇರುವ ಒಂದೇ ಒಂದು ವಸ್ತು ಅಂದರೆ ಆ ಕ್ಲಚ್. ಸವೆದ ಕ್ಲಚ್ ಏರಿನಲ್ಲಿ ಹಿಡಿತ ಬಿಟ್ಟು ಜಾರುತ್ತದೆ, ಇದು ಯಾವ ಏರಿನಲ್ಲೂ ಜಾರುವುದಿಲ್ಲ. ಎಲ್ಲರೂ ಕ್ಲಚ್ ಬಾಳಲಿ ಎಂದು ಹಾರೈಸುತ್ತಾರೆ, ನಾನು ದಿನಾ ಅದರ ಕಡೆ ನೋಡಿ ಇನ್ನೂ ಎಷ್ಟು ದಿನವಪ್ಪಾ ಎನ್ನುತ್ತೇನೆ.

ಕಳೆದ ತಿಂಗಳು ಭಾವ ಕಾರು ಬೇಕೆಂದು ಕೇಳಿದರು. ಕೊಟ್ಟೆ. ವಾಪಸ್ ತಂದಾಗ ಮುಖ ಸಣ್ಣದಾಗಿತ್ತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಒಂದೆರಡು ಸಲ ಗಂಟಲು ಸರಿ ಮಾಡಿಕೊಂಡು, "ತಪ್ಪು ತಿಳ್ಕೋಬೇಡ, ಏರಿನಲ್ಲಿ ಯಾಕೋ ಕ್ಲಚ್ ಸ್ವಲ್ಪ ಜಾರಿದ ಹಾಗಾಯ್ತು" ಎಂದರು.

ನಾನು ಬೀಗದ ಕೈಯನ್ನು ಮತ್ತೆ ಅವರ ಕೈಗೇ ಕೊಟ್ಟೆ. "ಇನ್ನೊಂದು ವಾರ ನೀವೇ ಇಟ್ಕೊಳ್ಳಿ ಭಾವ" ಎಂದೆ.